ಚಟ್ನಿಯಲ್ಲಿ ಸಿಕ್ಕಿದ ಬಣ್ಣದ ಚೂರು

ಆ ಚಟ್ನಿಯಲ್ಲಿ ಸಿಕ್ಕಿದ ಕೆಂಪು ಚೂರು ನನ್ನ ಉಗುರಿನದು. ಗಿರಿಜಕ್ಕನದಲ್ಲ. ಇಷ್ಟು ಹೇಳುವುದಕ್ಕೆ ನನಗೆ ಹದಿನಾಲ್ಕು ವರ್ಷ ಬೇಕಾಯಿತು. ಮರೆತುಹೋಗಿತ್ತು ಎನ್ನುವ ಹಾಗಿಲ್ಲ — ವಾರಕ್ಕೊಮ್ಮೆ ಉಗುರಿಗೆ ಬಣ್ಣ ಹಚ್ಚಲು ಕೂರುತ್ತೇನೆ, ವಾರಕ್ಕೊಮ್ಮೆ ನೆನಪಾಗುತ್ತದೆ. ಹಚ್ಚುವುದನ್ನು ಕಲಿಸಿದವರೇ ಗಿರಿಜಕ್ಕ.

ಚೆನ್ನೈನ ಮೈಲಾಪೂರಿನಲ್ಲಿ ದೊಡ್ಡಪ್ಪನದೊಂದು ಹೋಟೆಲ್. ಕುಂದಾಪುರದ ಕಡೆಯಿಂದ ಬಂದ ಅಜ್ಜ ಶುರು ಮಾಡಿದ್ದು. ಕೆಳಗೆ ಹೋಟೆಲ್, ಮೇಲಿನ ಮಹಡಿಯಲ್ಲಿ ನಾವೆಲ್ಲ. ಗಿರಿಜಕ್ಕನ ಗಂಡ ನಮ್ಮಲ್ಲಿ ದೋಸೆ ಹಾಕುತ್ತಿದ್ದರು. ಗಿರಿಜಕ್ಕ ಹಿಂದುಗಡೆ ಸಾಂಬಾರ್ ಈರುಳ್ಳಿ ಸುಲಿಯುವ ಕೆಲಸಕ್ಕೆ ಸೇರಿದವರು, ಎಂಟು ವರ್ಷ ಸುಲಿದು ಸುಲಿದು ಕೊನೆಗೆ ಮುಂದಿನ ಪಾರ್ಸೆಲ್ ಮೇಜಿಗೆ ಬಂದರು. ಆ ಮೇಜು ಅವರಿಗೆ ಸಿಂಹಾಸನವೇ. ಬೀದಿಯ ತಮಿಳು ಮಾಮಿಯರೆಲ್ಲ ಅವರ ಹತ್ತಿರವೇ ಮನೆಯ ಸುದ್ದಿ ಹೇಳಿ, ಅವರ ಕೈಯಿಂದಲೇ ಇಡ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಅವರಿಗೆ ಇದ್ದದ್ದು ಒಂದೇ ಒಂದು ಶೋಕಿ — ನೇಲ್ ಪಾಲಿಶ್. ಕಡು ಕೆಂಪು, ಹತ್ತೂ ಬೆರಳಿಗೆ. ದೊಡ್ಡಪ್ಪ ಗೊಣಗಿದಾಗ ಅವರು ನಗುತ್ತಲೇ ಮಾತು ಕೊಟ್ಟಿದ್ದರು: “ಇದು ಚಕ್ಕೆ ಏಳುದಿಲ್ಲ ಅಣ್ಣ. ಎದ್ದ ದಿನ ನಾನೇ ಹಿಂದೆ ಹೋಗಿ ಈರುಳ್ಳಿ ಸುಲೀತೇನೆ.”

ಅದು ಏಳುತ್ತಲೂ ಇರಲಿಲ್ಲ. ದಿನವಿಡೀ ಬಿಸಿ ಪಾತ್ರೆ, ಒದ್ದೆ ಬಟ್ಟೆಯ ನಡುವೆ ಇರುವ ಕೈ. ಆದರೂ ವಾರ ಕಳೆದರೂ ಒಂದು ಗೀರು ಕಾಣುತ್ತಿರಲಿಲ್ಲ. ಅದಕ್ಕೊಂದು ಕ್ರಮವಿತ್ತು. ಶನಿವಾರ ಸಂಜೆ ಕೆಲಸ ಮುಗಿಸಿ ಕೈ ತೊಳೆದ ಮೇಲೆ ಒಂದು ಗಂಟೆ ಸುಮ್ಮನೆ ಒಣಗಲು ಬಿಡುವುದು — ನೀರು ಕುಡಿದ ಉಗುರು ಉಬ್ಬಿರುತ್ತದಂತೆ, ಆಮೇಲೆ ಕುಗ್ಗುವಾಗ ಬಣ್ಣ ಬಿರಿಯುತ್ತದಂತೆ. ಆಮೇಲೆ ವಿನೆಗರ್ ಅದ್ದಿದ ಹತ್ತಿಯಿಂದ ಪ್ರತಿ ಉಗುರನ್ನೂ ಒರೆಸಿ ಎಣ್ಣೆಯ ಪಸೆ ತೆಗೆಯುವುದು. ಬಣ್ಣ ತೆಳ್ಳಗೆ ಒಂದು ಸಲ, ಅದು ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ. ಉಗುರಿನ ತುದಿಯ ಅಂಚಿಗೂ ಬ್ರಷ್ ಎಳೆಯಲೇಬೇಕು, ಏಳುವುದು ಅಲ್ಲಿಂದಲೇ. ಮೇಲೆ ಬಣ್ಣವಿಲ್ಲದ ಪಾಲಿಶ್. ಬುಧವಾರ ಅದನ್ನೇ ಇನ್ನೊಮ್ಮೆ. ಹಚ್ಚಿದ ರಾತ್ರಿ ಬಿಸಿನೀರು ಮುಟ್ಟುವ ಹಾಗಿಲ್ಲ.

ನನಗಾಗ ಇಪ್ಪತ್ತು. ಸೋಮವಾರ ಕಾಲೇಜಿನಲ್ಲಿ ಕಾರ್ಯಕ್ರಮ, ನನಗೂ ಅದೇ ಕೆಂಪು ಬೇಕು. ಶನಿವಾರ ಗಿರಿಜಕ್ಕನ ಬಾಟಲಿ ಕೇಳಿದೆ. ಕೊಟ್ಟರು, ಕೊಡುವಾಗ ಕ್ರಮವನ್ನೆಲ್ಲ ಮತ್ತೊಮ್ಮೆ ಹೇಳಿದರು. ನಾನು “ಹ್ಞೂಂ, ಹ್ಞೂಂ” ಎಂದು ಮೆಟ್ಟಿಲು ಹತ್ತಿದೆ. ತಲೆಗೆ ಎಣ್ಣೆ ತಿಕ್ಕಿಕೊಂಡ ಕೈಯನ್ನು ಟವೆಲಿಗೆ ಒರೆಸಿ, ದಪ್ಪಗೆ ಒಂದೇ ಸಲ ಮೆತ್ತಿ ಮುಗಿಸಿದೆ. ತಾಳ್ಮೆ ಎನ್ನುವುದು ನನ್ನ ಜಾತಕದಲ್ಲಿ ಬರೆದಿಲ್ಲ ಎಂದು ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ.

ಭಾನುವಾರ ಬೆಳಗ್ಗೆ ವಿಪರೀತ ಜನ. ದೊಡ್ಡಪ್ಪ ನನ್ನನ್ನು ಕೆಳಗೆ ಕರೆದು ಚಟ್ನಿ ಕಟ್ಟಲು ನಿಲ್ಲಿಸಿದರು. ಗಿರಿಜಕ್ಕ ಇಡ್ಲಿ ಕಟ್ಟುತ್ತಿದ್ದರು, ನಾನು ಪಕ್ಕದಲ್ಲಿ ಚಟ್ನಿಯ ಪೊಟ್ಟಣಕ್ಕೆ ಗಂಟು ಹಾಕುತ್ತಿದ್ದೆ. ಒಂಬತ್ತರ ಹೊತ್ತಿಗೆ ಪಕ್ಕದ ಬೀದಿಯ ಮಾಮಿಯೊಬ್ಬರು ಸ್ಟೀಲ್ ಬಟ್ಟಲು ಹಿಡಿದುಕೊಂಡು ವಾಪಸು ಬಂದರು.

“ಇದು ಎನ್ನ, ಅಣ್ಣಾ?” ಏನಿದು ಎಂದು ಬಟ್ಟಲನ್ನು ದೊಡ್ಡಪ್ಪನ ಮುಂದೆ ಹಿಡಿದರು.

ಬಿಳೀ ತೆಂಗಿನ ಚಟ್ನಿಯ ಮೇಲೆ ಕೆಂಪು ಚೂರು. ನಾನು ನನ್ನ ಬಲಗೈ ಹೆಬ್ಬೆರಳು ನೋಡಿಕೊಂಡೆ — ಅರ್ಧ ಉಗುರು ಬೋಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ಜಾಣೆ, ಎರಡೂ ಕೈಯನ್ನು ದುಪಟ್ಟಾದೊಳಗೆ ಸುತ್ತಿಕೊಂಡೆ.

ಗಿರಿಜಕ್ಕ ಬೆರಳುಗಳನ್ನು ಬಿಡಿಸಿ ಎರಡೂ ಕೈ ಮುಂದೆ ಚಾಚಿದರು. “ನೋಡಿ ಅಣ್ಣ, ನಂದು ಒಂದೂ ಎದ್ದಿಲ್ಲ.”

ದೊಡ್ಡಪ್ಪ ಮಾಮಿಯ ಮುಂದೆ ಕೈಮುಗಿಯುತ್ತಿದ್ದರು. ತಿರುಗಿದ್ದು ನನ್ನ ಕಡೆಗೆ. “ನೀನು ಹಚ್ಚಿದ್ದೀಯಾ?”

“ಇಲ್ಲ ದೊಡ್ಡಪ್ಪ. ನನ್ನ ಹತ್ರ ಆ ಬಣ್ಣವೇ ಇಲ್ಲ.”

ಬಾಟಲಿ ಮಹಡಿಯಲ್ಲಿ ನನ್ನ ಮೇಜಿನ ಮೇಲಿತ್ತು. ಗಿರಿಜಕ್ಕ ನನ್ನತ್ತ ನೋಡಿದರು — ಮುಖವನ್ನಲ್ಲ, ದುಪಟ್ಟಾವನ್ನು. ಒಂದು ಮಾತು ಸಾಕಿತ್ತು. “ಅವಳ ಕೈ ತೋರಿಸಲಿ” ಎಂದಿದ್ದರೆ ಮುಗಿಯುತ್ತಿತ್ತು. ಅವರು ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು.

“ಮಾತು ಕೊಟ್ಟಿದ್ದೆ. ನಾನು ಹಿಂದೆ ಹೋಗ್ತೇನೆ ಅಣ್ಣ.”

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಕತೆಯಲ್ಲಿ ಮೇಕೆಗೆ ಏನೂ ಗೊತ್ತಿರುವುದಿಲ್ಲ. ಇಲ್ಲಿ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಒಡ್ಡಿದರು. ಯಾಕೆ? ಮಾಲೀಕರ ಮನೆಯ ಹುಡುಗಿ ಎಂದೋ, ನನ್ನ ಮುಖದ ಬಣ್ಣ ಹೋದದ್ದು ನೋಡಿಯೋ... ನನಗೆ ಅನುಕೂಲವಾದ ಕಾರಣಗಳನ್ನು ಎಷ್ಟೋ ಸಲ ಹೆಣೆದುಕೊಂಡಿದ್ದೇನೆ. ಯಾವುದೂ ನನ್ನನ್ನು ಉಳಿಸುವುದಿಲ್ಲ.

ನಾಲ್ಕು ವರ್ಷ ಅವರು ಹಿಂದುಗಡೆ ಕೂತು ಈರುಳ್ಳಿ ಸುಲಿದರು, ಬೋಳು ಉಗುರಿನಲ್ಲಿ. “ಗಿರಿಜಾ ಎಂಗೆ?”, ಎಲ್ಲಿ ಅವಳು, ಎಂದು ಮಾಮಿಯರು ಕೇಳುತ್ತಿದ್ದರು, ಆಮೇಲಾಮೇಲೆ ಕೇಳುವುದನ್ನೂ ಬಿಟ್ಟರು. ನಾನು ಬ್ಯಾಗ್ ಹಾಕಿಕೊಂಡು ಹಿಂಬಾಗಿಲಿನಿಂದ ಹೋಗುವಾಗ ಅವರು ತಲೆಯೆತ್ತಿ “ತಿಂಡಿ ಆಯ್ತಾ?” ಎನ್ನುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ.

ಆಮೇಲೆ ಶೋಳಿಂಗನಲ್ಲೂರಿನ ಕಂಪನಿಯೊಂದರಿಂದ ನನಗೆ ಇಂಟರ್‌ವ್ಯೂ ಬಂತು. ಹಿಂದಿನ ದಿನ ಮಧ್ಯಾಹ್ನ ಗಿರಿಜಕ್ಕ ನನ್ನನ್ನು ಕರೆದು, ತರಕಾರಿಯ ಕ್ರೇಟ್ ಬೋರಲು ಹಾಕಿ ಅದರ ಮೇಲೆ ಕೂರಿಸಿದರು. ಮಗಳ ಹತ್ತಿರದ ತಿಳಿ ಗುಲಾಬಿ ಬಣ್ಣ ತಂದಿದ್ದರು. ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಉಗುರನ್ನು ವಿನೆಗರಿನಿಂದ ಒರೆಸತೊಡಗಿದರು.

“ಮೊದ್ಲು ಎಣ್ಣೆ ತೆಗೀಬೇಕು. ಎಣ್ಣೆ ಇದ್ರೆ ಎಂಥ ಬಣ್ಣವೂ ನಿಲ್ಲುದಿಲ್ಲ. ಆ ಆದಿತ್ಯವಾರ ನಿನ್ನ ಕೈಯಲ್ಲಿ ಎಣ್ಣೆ ಇತ್ತು ಮಾರಾಯ್ತಿ.”

ದನಿಯಲ್ಲಿ ಕೋಪವಿರಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಮುಂದಿನ ಬೆರಳು ಹಿಡಿದರು. ಹತ್ತೂ ಮುಗಿಯುವವರೆಗೆ ನನಗೆ ಸಮಯವಿತ್ತು — ಎರಡು ಸಲ ಬಣ್ಣ, ಅಂಚು, ಮೇಲಿನ ಪಾಲಿಶ್, ನಡುವೆ ಒಣಗಲು ಬಿಟ್ಟಷ್ಟು ಹೊತ್ತು. ಕೊನೆಗೆ ನಾನು ಹೇಳಿದ್ದು ಇಷ್ಟು: “ಚಂದ ಆಯ್ತು ಗಿರಿಜಕ್ಕ.”

ಮೊದಲ ಸುಳ್ಳಿಗಿಂತ ಈ ಮೌನ ದೊಡ್ಡದು ಎಂದು ಈಗ ಅನಿಸುತ್ತದೆ. ಮೊದಲ ದಿನ ಹೆದರಿದ್ದೆ. ಎರಡನೆಯ ದಿನ ನನ್ನನ್ನು ಹೆದರಿಸುವವರು ಯಾರೂ ಇರಲಿಲ್ಲ.

ಕೆಲಸ ಸಿಕ್ಕಿತು. ಆ ಬಣ್ಣ ಹನ್ನೆರಡು ದಿನ ನಿಂತಿತು. ಈಗ ಆಫೀಸಿನಲ್ಲಿ ಗೆಳತಿಯರು, ಮನೆಯಲ್ಲಿ ಪಾತ್ರೆ ತಿಕ್ಕಿಯೂ ನಿನ್ನ ಉಗುರು ಹೀಗೆ ಹೇಗಿರುತ್ತದೆ ಎಂದು ಕೇಳಿದಾಗ, ನಮ್ಮ ಗಿರಿಜಕ್ಕ ಕಲಿಸಿದ್ದು ಎಂದು ಹೆಮ್ಮೆಯಿಂದ ಹೇಳುತ್ತೇನೆ. ಕ್ರಮವನ್ನೆಲ್ಲ ಹೇಳುತ್ತೇನೆ, ಕತೆ ಮಾತ್ರ ಹೇಳಿಲ್ಲ. ಅವರ ಋಣ ಉಗುರಿನದಷ್ಟೇ ಅಲ್ಲ. ಶನಿವಾರ ಸಂಜೆ ಒಂದು ಗಂಟೆ ಕೈ ಕಟ್ಟಿ ಕೂತು ಕಾಯುವುದು ನನ್ನಂಥವಳಿಗೆ ಬಂದದ್ದು ಅವರಿಂದ. ಮನೆಯವರ ಮುಂದೆ ನಾನು ಇಷ್ಟು ವರ್ಷ ತಲೆಯೆತ್ತಿ ಓಡಾಡಿದ್ದು ಅವರು ಬಾಯಿ ಬಿಡದೆ ಇದ್ದುದರಿಂದ. ಅವರನ್ನು ನೆನೆದರೆ ನಾಚಿಕೆಗಿಂತ ಮೊದಲು ಕೃತಜ್ಞತೆಯೇ ಬರುತ್ತದೆ. ಅದೂ ನನಗೆ ಅವರೇ ಕೊಟ್ಟ ರಿಯಾಯಿತಿ ಇರಬೇಕು.

ಹೋದ ಭಾನುವಾರ ಹೋಟೆಲಿಗೆ ಹೋಗಿದ್ದೆ. ದೊಡ್ಡಪ್ಪನಿಗೆ ಈಗ ಎಂಬತ್ತರ ಹತ್ತಿರ, ಆದರೂ ಕ್ಯಾಶ್ ಬಿಟ್ಟು ಏಳುವುದಿಲ್ಲ. ಪಾರ್ಸೆಲ್ ಮೇಜಿನಲ್ಲಿ ಸೆಲ್ವಿ ಎಂಬ ನಲವತ್ತರ ಹೆಂಗಸು, ಉಗುರಿಗೆ ನೀಲಿ ಬಣ್ಣ.

“ವೇಣಾಂ, ಬೇಡ ಅಂದ್ರೆ ಕೇಳುದಿಲ್ಲ ಇವಳು,” ಎಂದರು ದೊಡ್ಡಪ್ಪ. “ಆ ಗಿರಿಜೆಯ ಕತೆ ಇವಳಿಗೆ ಹೇಳು ನೀನು, ತಮಿಳಲ್ಲಿ.”

ಹೇಳಿದೆ. ತಮಿಳಿನಲ್ಲಿ, ಸೆಲ್ವಿಗೂ ಅವರಿಗೂ ಕೇಳುವಂತೆ. ಅವರು ಹೇಳಲು ಹೇಳಿದ ಕತೆಯನ್ನಲ್ಲ, ಎಣ್ಣೆ ಕೈಯಿಂದ ಹಿಡಿದು ದುಪಟ್ಟಾದವರೆಗೆ, ನಡೆದದ್ದನ್ನು.

ದೊಡ್ಡಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನನ್ನು ಬೈಯಲಿಲ್ಲ. “ಅವಳು ಕೈ ಚಾಚಿದ್ಳು ಅಲ್ವಾ,” ಎಂದರು. “ನಾನು ನೋಡ್ಲೇ ಇಲ್ಲ.”

ಗಿರಿಜಕ್ಕ ಈಗ ಅಡ್ಯಾರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ನಾಳೆ ದೊಡ್ಡಪ್ಪ ಮತ್ತು ನಾನು ಹೋಗುತ್ತಿದ್ದೇವೆ. ಅವರು ನನ್ನನ್ನು ಎಂದೋ ಕ್ಷಮಿಸಿರಬಹುದು. ಕ್ಷಮೆ ಕೇಳಿಕೊಂಡು ಬರಲು ಹೋಗುತ್ತಿಲ್ಲ. ಆ ದಿನ ದೊಡ್ಡಪ್ಪನ ಮುಂದೆ ನಿಂತು ನಾನು ಹೇಳಬೇಕಾಗಿದ್ದ ಮಾತೊಂದಿದೆ, ಅದನ್ನು ಗಿರಿಜಕ್ಕನ ಮುಂದೆಯೇ, ಅವರ ಮಗಳಿಗೂ ಕೇಳುವಂತೆ ಹೇಳಬೇಕು.

ದೊಡ್ಡಪ್ಪ ನೋಡಲಿಲ್ಲ. ನಾನು ನೋಡಿದ್ದೆ. ಹತ್ತೂ ಉಗುರು ಇಡಿಯಾಗಿದ್ದವು.