ನೊಣದ ಮೇಡಮ್ಮೋರು

ಮೇಡಮ್ಮೋರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಒಂಟಿಗಣ್ಣಿನ ಮೈಕ್ರೋಸ್ಕೋಪಿನಲ್ಲಿ ಹಣ್ಣಿನ ನೊಣ ನೋಡಿ ನೋಡಿ ಹಾಗಾಯಿತಂತೆ. ಸೀರೆಯಲ್ಲಿ ನೊಣಗಳಿಗೆ ಮಂಪರು ಬರಿಸುವ ಈಥರ್ ವಾಸನೆ, ಮನೆ ತುಂಬ ಕೊಳೆತ ಬಾಳೆಹಣ್ಣಿನ ವಾಸನೆ. ಅಲ್ಲಿ ಒಂದು ಲೋಟ ನೀರು ಕುಡಿಯಲೂ ಯಾರೂ ಹೋಗುತ್ತಿರಲಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಅವರು ಬೇಗೂರಿನ ನಮ್ಮ ಹಿತ್ತಲ ಮನೆಗೆ ಬಾಡಿಗೆಗೆ ಬಂದರು. ಉಮ್ಮತ್ತೂರಿನವರು, ಮದುವೆಯಾಗಿರಲಿಲ್ಲ, ಗುಂಡ್ಲುಪೇಟೆಯಲ್ಲಿ ಕಾಲೇಜು ಪಾಠ. ರಜೆ ಬಂದರೆ ಕೊಳೆತ ಹಣ್ಣಿನ ಬಾಟಲಿಗಳನ್ನು ಹುಣಸೆಮರಕ್ಕೆ ಕಟ್ಟಿ ನೊಣ ಹಿಡಿಯುವರು. ನೋಡಲು ಅಕ್ಕತಂಗಿಯರ ಹಾಗಿರುವ ನೊಣದ ಜಾತಿಗಳು. ಯಾವುದರ ರೆಕ್ಕೆ ಉದ್ದ, ಯಾವುದರ ಮೈಮೇಲೆ ಮುಳ್ಳುಗೂದಲು ಹೆಚ್ಚು ಎಂದು ನೋಡುವುದೇ ಕೆಲಸ. ಒಮ್ಮೆ ನಮ್ಮವ್ವ ಆ ಬಾಟಲಿಗಳನ್ನೆಲ್ಲ ಬಿಚ್ಚಿ, ತೊಳೆದು ಬೋರಲು ಹಾಕಿ, ಒಂದು ಚಿಪ್ಪು ರಸಬಾಳೆ ಅವರ ಬಾಗಿಲಲ್ಲಿ ಇಟ್ಟುಬಿಟ್ಟಳು!

"ಅಯ್ಯೋ ಸಿವ್ನೇ, ಒಂಟಿ ಹೆಂಗ್ಸು, ಕೊಳ್ತೋಗಿರೋದ್ನೇ ತಿಂದ್ಕಂಡವ್ರೆ ಅನ್ಕಂಡ್ಬುಟ್ಟೆ ಕಣವ್ವಾ!"

ವಾರಗಟ್ಟಲೆಯ ಕೆಲಸ ಹಾಳಾಗಿತ್ತು. ಮೇಡಮ್ಮೋರು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಒಂದು ಹಣ್ಣು ಸುಲಿದು ನಿಧಾನವಾಗಿ ತಿಂದರು. ಆ ಮನೆಗೆ ಯಾರಾದರೂ ತಿನ್ನಲು ಏನಾದರೂ ತಂದುಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನನ್ನ ಬಲಗೈಗೆ ಆರು ಬೆರಳು. ಮದುವೆ ಮಾತು ಬಂದಾಗ ಅವ್ವ ಹಟ ಹಿಡಿದಳು: "ಕುದೇರ್ನ ಗಂಡ್ನೋರು ನೋಡಾಕ್ ಬರೋದ್ರೊಳ್ಗೆ ಅದ್ನ ತಗ್ಸಿಬುಡನ." ನಾನು ಅಳುತ್ತ ಹಿತ್ತಲಿಗೆ ಓಡಿದೆ.

ಮೇಡಮ್ಮೋರು ನನ್ನ ಕೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. 'ಪಾಪ' ಎನ್ನಲಿಲ್ಲ.

"ನೋವಾಯ್ತದಾ?"

"ಇಲ್ಲ ಮೇಡಂ."

"ನಿಂಗೆ ಬೇಡ ಅನ್ನುಸ್ತದಾ?"

"ಇಲ್ಲ."

"ಹಂಗಾದ್ರೆ ಇರ್ಲಿ ಬುಡಮ್ಮಿ. ಒಂದೇ ಮರದಡಿ ಹಿಡಿದ ನೊಣ, ಒಂದಿದ್ದಂಗೆ ಇನ್ನೊಂದಿಲ್ಲ. ಅದು ಕೆಟ್ಟದ್ದು ಅಂತ ನಾನ್ಯಾವತ್ತೂ ಎತ್ತಿ ಬಿಸಾಕಿಲ್ಲ."

ಬೆರಳು ಉಳಿಯಿತು. ಕುದೇರಿನವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ನನ್ನ ಕೈ ನೋಡಿ ಎದ್ದರು. ಆಮೇಲೆ ಬಂದವರೂ ಅಷ್ಟೇ. "ಅವ್ರ ಮಾತ್ ಕಟ್ಕಂಡು ನೀನೂ ಅವ್ರಂಗೇ ಒಂಟಿ ಆದೆ" ಎಂದು ಅವ್ವ ಕೊರಗುತ್ತಿದ್ದಳು. ಸುಳ್ಳೇನಲ್ಲ. ಎಷ್ಟೋ ಸಂಜೆ ನನಗೂ ಅವರ ಮೇಲೆ ಕೋಪ ಬಂದಿದೆ. ಆದರೂ ಕಾಲು ಆ ಮನೆಗೇ ಎಳೆಯುತ್ತಿತ್ತು. ಇಬ್ಬರೂ ಕೂತು ಬಾಟಲಿಗಳಿಗೆ ಹತ್ತಿಯ ಬಿರಡೆ ಸುತ್ತುತ್ತಿದ್ದೆವು.

ದಶಕ ಮುಗಿಯುವ ಹೊತ್ತಿಗೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದುಹಾಕಿತ್ತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಮಲಗಿದ್ದರು, ಪಕ್ಕದಲ್ಲಿ ನೆಂಟರು ಅಂತ ಒಬ್ಬರಿಲ್ಲ. ಬಾಯಿ ತೆರೆದರೆ ಅಳು ಬರುತ್ತದೆಂದು ನಾನು ಸುಮ್ಮನೆ ಬಲಗೈಯಿಂದ ಅವರ ಕೈ ಹಿಡಿದುಕೊಂಡೆ.

"ಯಾರು, ನರ್ಸಮ್ಮನಾ?" ಎಂದರು.

ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಸವರುತ್ತ ಬಂದು ಆರನೆಯದರ ಮೇಲೆ ಕೈ ನಿಲ್ಲಿಸಿದರು.

"ಓ, ನೀನಾಮ್ಮಿ! ಬಂದ್ಯಾ?"

ಉಸಿರು ನಿಲ್ಲುವವರೆಗೂ ಆ ಬೆರಳನ್ನು ಬಿಡಲಿಲ್ಲ.