ಮೂವತ್ತೆಂಟನೆಯ ನಿಮಿಷಕ್ಕೆ ಕಾಯುವ ಕಾವಕ್ಕ

ಟೈಪಿಂಗ್ ಮಾಡಿ ಬದುಕುವ ಹೆಂಗಸೊಬ್ಬರ ಕಂಪ್ಯೂಟರಿನ ಮದರ್‌ಬೋರ್ಡ್ ವಾರಂಟಿಯೊಳಗೇ ಕೆಟ್ಟಿತು. ಕಂಪನಿ ಬದಲಿ ಬೋರ್ಡ್ ಕೊಟ್ಟಿತು, ಅದು ಕೆಟ್ಟಿತು. ಇನ್ನೊಂದು ಕೊಟ್ಟಿತು; ಅದೂ ಕೆಟ್ಟಿತು. ಮೂರನೆಯದೂ ಕೆಟ್ಟಿತು. ಈಗ ನಾಲ್ಕನೆಯ ಸಲ, ಅವರೇ ಐದು ತಿಂಗಳ ಹಿಂದೆ ವಾಪಸ್ ಕೊಟ್ಟಿದ್ದ ಬೋರ್ಡಿನ ಧೂಳು ಹೊಡೆದು ಅವರಿಗೇ ಕೊಡುವುದೆಂದು ತೀರ್ಮಾನವಾಗಿದೆ. ವಾರಂಟಿ ಮುಗಿಯಲು ಹತ್ತೊಂಬತ್ತು ದಿನ ಉಳಿದಿದೆ.

ಆ ಬೋರ್ಡ್ ಸದ್ಯಕ್ಕೆ ಸರ್ವೀಸ್ ಸೆಂಟರಿನ ಎರಡನೇ ಮಹಡಿಯಲ್ಲಿ, ಒಂದು ರಟ್ಟಿನ ಪೆಟ್ಟಿಗೆಯ ಕೆಳಗಿದೆ. ಬೆಳಗಿನ ಐದೂ ಮುಕ್ಕಾಲು. ಉದ್ದನೆಯ ಕೋಣೆಯಲ್ಲಿ ಆರು ಮೇಜುಗಳಿವೆ, ಐದು ಕತ್ತಲಲ್ಲಿವೆ. ಕಿಟಕಿಯ ಬಳಿಯ ಮೇಜಿನಲ್ಲಿ ಮಾತ್ರ ದೀಪ. ಕಿಟಕಿ ಅಂದರೆ ಹೆಸರಿಗೆ. ಅದರಾಚೆ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೊಂದು ಸೋರುವ ಪೈಪು. ಮೇಜಿನ ಮೇಲೆ ಸಾಲಾಗಿ ಆರು ರಟ್ಟಿನ ಪೆಟ್ಟಿಗೆ ಬೋರಲಾಗಿ ಕೂತಿವೆ. ಪ್ರತಿಯೊಂದರ ಒಳಗೂ ಒಂದು ಬೋರ್ಡ್ ಓಡುತ್ತಿದೆ, ಸಣ್ಣ ಫ್ಯಾನಿನ ಗುಂಯ್‌ಗುಟ್ಟುವಿಕೆ ಹೊರಗೆ ಕೇಳುತ್ತದೆ. ಪೆಟ್ಟಿಗೆಯ ಪಕ್ಕಕ್ಕೆ ಕತ್ತರಿಸಿದ ಸೀಳಿನಿಂದ ವೈರುಗಳು ಹೊರಬಂದು ಪುಟ್ಟ ಪರದೆಗಳಿಗೆ ಸೇರಿವೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಒಂದೊಂದೇ ಪೆಟ್ಟಿಗೆಯ ನೆತ್ತಿಗೆ ಅಂಗೈ ಇಟ್ಟು ಬಿಸಿ ನೋಡುತ್ತಾರೆ.

ಇವರಿಗೆ ಇಲ್ಲಿ ಕಾವಕ್ಕ ಅಂತ ಹೆಸರು. ಇಟ್ಟವನು ಗೇಟಿನ ಕಾವಲುಗಾರ. "ಕೋಳಿ ಮೊಟ್ಟೆ ಮೇಲೆ ಕೂತ ಹಾಗೆ ಕೂತಿರ್ತಾರಲ್ಲ, ಇನ್ನೇನಂತ ಕರೀಲಿ?" ಅಂತ ಅವನ ಸಮಜಾಯಿಷಿ. "ಕೋಳಿಯಾದರೂ ಕೂಗಿ ಏಳುತ್ತೆ. ಇವರು ಸದ್ದೇ ಇಲ್ಲದೆ ಬಂದು ಬೀಗ ತೆಗಿ ಅಂತಾರೆ."

"ನಿನಗೆ ನಿದ್ದೆಗೇಡು ಅಂತ ಹೊಟ್ಟೆಯುರಿ," ಅನ್ನುತ್ತಾರೆ ಕಾವಕ್ಕ, ಪೆಟ್ಟಿಗೆಯಿಂದ ಕಣ್ಣು ತೆಗೆಯದೆ. "ಹೋಗು, ನಿನ್ನ ಗೇಟು ಓಡಿಹೋದೀತು."

ಅವರ ಪಾಳಿ ಶುರುವಾಗುವುದು ಏಳಕ್ಕೆ. ಅದಕ್ಕೂ ಮುಂಚಿನ ಒಂದೂವರೆ ಗಂಟೆ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಆ ಒಂದೂವರೆ ಗಂಟೆಯ ಕತೆಯೇ ಈ ಲೇಖನ.

ಕಂಪ್ಯೂಟರ್ ಕೆಟ್ಟು ವಾರಂಟಿ ಕಾಗದ ಹಿಡಿದು ಬಂದವರಿಗೆ ಕಂಪನಿ ಬದಲಿ ಭಾಗ ಕೊಡುತ್ತದೆ. ಬದಲಿ ಅಂದರೆ ಹೊಸದು ಅಂತ ಜನ ತಿಳಿಯುತ್ತಾರೆ. ಹೊಸದಲ್ಲ. ಬೇರೆ ಯಾರೋ ಕೆಟ್ಟಿದೆ ಅಂತ ತಂದುಕೊಟ್ಟದ್ದು ಮಹಡಿ ಹತ್ತುತ್ತದೆ. ಅದರ ಧೂಳು ಹೊಡೆದು, ಊದಿಕೊಂಡ ಭಾಗ ಒಂದೆರಡಿದ್ದರೆ ಬದಲಿಸಿ, ಹತ್ತು ನಿಮಿಷ ಓಡಿಸಿ, ಹಸಿರು ಸ್ಟಿಕರ್ ಅಂಟಿಸಿ ಕಪಾಟಿಗೆ ಸೇರಿಸುತ್ತಾರೆ. ಮರುದಿನ ಕೌಂಟರಿಗೆ ಬಂದವರ ಕೈಗೆ ಅದು ಹೋಗುತ್ತದೆ. ಹೀಗೆ ಒಬ್ಬರ ಮನೆಯ ಕಾಯಿಲೆ ಇನ್ನೊಬ್ಬರ ಮನೆಗೆ, ರಸೀದಿ ಸಮೇತ. ಬದಲಿಗೆ ಹೊಸ ವಾರಂಟಿಯೂ ಇಲ್ಲ. ಮೊದಲು ಕೊಂಡ ದಿನದಿಂದಲೇ ಲೆಕ್ಕ. ಸರ್ವೀಸ್ ಸೆಂಟರಿನಲ್ಲಿ ಕೊಳೆಯುವ ದಿನಗಳೂ ಅದರಲ್ಲೇ ಕಳೆಯುತ್ತವೆ.

ಹಸಿರು ಸ್ಟಿಕರಿನ ಮೇಲೆ ಪರೀಕ್ಷೆ ಮಾಡಿದವರ ನಂಬರ್ ಇರುತ್ತದೆ. ಕಾವಕ್ಕನದು ಏಳು. ಯಾರು ಬೋರ್ಡನ್ನು ಪರೀಕ್ಷೆಗೆ ಎತ್ತಿಕೊಂಡರೋ ಅವರದೇ ಸ್ಟಿಕರ್ ಬೀಳಬೇಕು, ನಡುವೆ ಕೈ ಬದಲಿಸುವಂತಿಲ್ಲ. ಇದು ಕಂಪನಿಯದೇ ನಿಯಮ. ತಪ್ಪು ಸಿಕ್ಕಿದರೆ ಯಾರ ಕುತ್ತಿಗೆ ಹಿಡಿಯಬೇಕು ಅನ್ನುವುದಕ್ಕಾಗಿ ಮಾಡಿದ್ದು.

ಹತ್ತು ನಿಮಿಷದಲ್ಲಿ ಬೋರ್ಡಿನ ಬಣ್ಣ ಬಯಲಾಗುವುದಿಲ್ಲ ಎಂಬುದು ಕಾವಕ್ಕನಿಗೆ ಗೊತ್ತು. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ತಣ್ಣಗಿರುವಾಗ ಅದು ಕೂಡಿಕೊಂಡೇ ಇರುತ್ತದೆ. ಕಾದಾಗ ಬಾಯಿ ಬಿಡುತ್ತದೆ. "ಚಿತ್ರ ಬಂತಾ, ಬೀಪ್ ಬಂತಾ, ಪಾಸ್. ಇದೊಂದು ಪರೀಕ್ಷೇನಾ?" ಎಂದು ಕೇಳುತ್ತಾರೆ. "ಹೆಣ್ಣು ನೋಡೋಕೆ ಬಂದೋರು ಕೂಡ ಇದಕ್ಕಿಂತ ಜಾಸ್ತಿ ಹೊತ್ತು ಕೂರ್ತಾರೆ."

ಹಾಗಾಗಿ ಅವರು ಬೋರ್ಡನ್ನು ಕಾವಿಗೆ ಕೂರಿಸುತ್ತಾರೆ. ಮೇಲೊಂದು ಪೆಟ್ಟಿಗೆ ಮುಚ್ಚಿ, ಅದರ ಬಿಸಿಯಲ್ಲಿ ಅದೇ ಬೇಯುವಂತೆ ಮುಕ್ಕಾಲು ಗಂಟೆ ಬಿಡುತ್ತಾರೆ. ಈ ವಿದ್ಯೆ ಅಪ್ಪನಿಂದ ಬಂದದ್ದು. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ರಿಪೇರಿಯಾದ ರೇಡಿಯೋಗೆ ಕಂಬಳಿ ಹೊದಿಸಿ ಒಂದು ಗಂಟೆ ಹಾಡಿಸಿದ ಮೇಲೇ ಯಜಮಾನನಿಗೆ ಕೊಡುತ್ತಿದ್ದರು. ಕಂಬಳಿಯೊಳಗಿಂದ ಹಾಡು ಕೇಳುತ್ತಾ ಹೋಂವರ್ಕ್ ಬರೆದದ್ದು ಕಾವಕ್ಕನಿಗೆ ನೆನಪಿದೆ. "ಬಿಸಿ ಏರಿದ ಮೇಲೇ ಗುಣ ಗೊತ್ತಾಗೋದು ಮಗಳೇ, ರೇಡಿಯೋದ್ದೂ ಅಷ್ಟೇ, ಮನುಷ್ಯರದ್ದೂ ಅಷ್ಟೇ ಅಂತಿದ್ದರು ಅಪ್ಪ. ಅವರಿಗೂ ಬೇಗ ಬಿಸಿ ಏರ್ತಿತ್ತು, ಅದು ಬೇರೆ ಮಾತು."

ಹನ್ನೊಂದು ವರ್ಷದಿಂದ ಈ ಮೇಜಿನಲ್ಲಿದ್ದಾರೆ. ಮಣಿಕಟ್ಟಿಗೆ ಒಂದು ಪಟ್ಟಿ, ಪಟ್ಟಿಯಿಂದ ಮೇಜಿಗೆ ಸುರುಳಿ ವೈರು. ಮೈಯಲ್ಲಿನ ಕರೆಂಟು ಬೋರ್ಡಿಗೆ ತಾಗಬಾರದೆಂದು. "ಗೂಟಕ್ಕೆ ಕಟ್ಟಿದ ದನ ನಾನು. ಹಗ್ಗ ಮಾತ್ರ ಫಾರಿನ್ನು," ಎಂದು ನಗುತ್ತಾರೆ. ದಿನಕ್ಕೆ ನಲವತ್ತು ಬೋರ್ಡು ಮುಗಿಸಬೇಕು. ಕಾವಿಗೆ ಕೂರಿಸುವುದು ಪಾಳಿಯ ಹೊತ್ತಲ್ಲಿ ಆಗದ ಮಾತು, ಹಾಗಾಗಿ ಮುಂಜಾನೆಯಲ್ಲಿ ಎರಡು ಸುತ್ತು. ಆರಾರರಂತೆ ಹನ್ನೆರಡು. ಹತ್ತು ನಿಮಿಷದ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಹತ್ತು ಬೋರ್ಡಿನಲ್ಲಿ ಮೂರು ಪೆಟ್ಟಿಗೆಯೊಳಗೆ ಸಾಯುತ್ತವೆ. ಉಳಿದ ಇಪ್ಪತ್ತೆಂಟು ಬೋರ್ಡುಗಳು ಕಾವು ಕಾಣದೆಯೇ ಹೋಗುತ್ತವೆ; ಅವುಗಳಲ್ಲಿ ಎಷ್ಟು ಯಾರ ಯಾರ ಮನೆಯಲ್ಲಿ ಸಾಯುತ್ತವೆಂದು ಲೆಕ್ಕ ಹಾಕುವುದನ್ನು ಅವರು ಬಿಟ್ಟಿದ್ದಾರೆ.

ಬಿಡದ ಲೆಕ್ಕ ಒಂದಿದೆ. ಹಿಂದಿನ ದಿನ ಕೌಂಟರಿನಿಂದ ಬಂದ ಡಬ್ಬಿಗಳನ್ನು ಬೆಳಗ್ಗೆ ಬಿಚ್ಚುವವರೂ ಅವರೇ. ಬಿಚ್ಚಿದ ಪ್ರತಿ ಬೋರ್ಡಿನ ಹಿಂಬದಿಯ ಮೂಲೆಯಲ್ಲಿ, ಸ್ಕ್ರೂ ತೂತಿನ ಪಕ್ಕ, ಉಗುರುಬಣ್ಣದ ಒಂದು ಚುಕ್ಕೆ ಇಡುತ್ತಾರೆ. ಅದೇ ಬೋರ್ಡ್ ಮತ್ತೆ ಬಂದರೆ ಇನ್ನೊಂದು ಚುಕ್ಕೆ. ಕಂಪನಿಯ ಕಂಪ್ಯೂಟರು ಪ್ರತಿ ಸಲ ಬೋರ್ಡಿಗೆ ಹೊಸ ನಂಬರು ಕೊಟ್ಟು ಹಳೆಯದನ್ನು ಮರೆಯುತ್ತದೆ. ಉಗುರುಬಣ್ಣ ಮರೆಯುವುದಿಲ್ಲ. ಬಣ್ಣದ ಶೀಶೆ ಮಗಳದು. "ನಮ್ಮಮ್ಮನ ಉಗುರು ನೋಡಿ, ಬೋಳು. ಬೋರ್ಡಿಗೆ ಮಾತ್ರ ಶೃಂಗಾರ," ಅನ್ನುತ್ತಾಳೆ ಅವಳು, ಎರಡನೇ ಶೀಶೆಯೂ ಖಾಲಿಯಾದ ಸಿಟ್ಟಿಗೆ.

ಟೈಪಿಸ್ಟಮ್ಮನ ಬೋರ್ಡ್ ಗುರುತಿಗೆ ಬಂದದ್ದು ಚುಕ್ಕೆಯಿಂದಲೇ. ಮಹಡಿಯ ಕೆಲಸಗಾರರು ಕೌಂಟರಿಗೆ ಇಳಿಯುವಂತಿಲ್ಲ, ಗಿರಾಕಿಗಳ ಜತೆ ಮಾತಾಡುವಂತಿಲ್ಲ. ಕಾವಕ್ಕ ಆ ಹೆಂಗಸನ್ನು ನೋಡಿದ್ದು ಒಂದೇ ಸಲ, ಮೆಟ್ಟಿಲ ಜಾಲರಿಯಿಂದ: ಹಳೆ ಟವೆಲಿನಲ್ಲಿ ಸುತ್ತಿದ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದರು, ಪಕ್ಕದ ಜಾಗ ಖಾಲಿಯಿದ್ದರೂ ಕೆಳಗಿಟ್ಟಿರಲಿಲ್ಲ. ಉಳಿದ ಪರಿಚಯವೆಲ್ಲ ದೂರಿನ ಚೀಟಿಗಳದು. ಡಬ್ಬಿಯ ಜತೆ ಗಿರಾಕಿ ಬರೆದ ಚೀಟಿಯೂ ಮೇಲೆ ಬರುತ್ತದೆ, ಓದಲೇಬೇಕೆಂದೇನಿಲ್ಲ. ಕಾವಕ್ಕ ಓದುತ್ತಾರೆ.

ಮೊದಲ ಚೀಟಿಯಲ್ಲಿ ಹನ್ನೊಂದು ಸಾಲು, 'ದಯವಿಟ್ಟು' ಮೂರು ಸಲ. ಎರಡನೆಯದರಲ್ಲಿ ಆರು ಸಾಲು: ಬೇರೆಯವರ ಅರ್ಜಿ ಟೈಪ್ ಮಾಡುವಾಗ ಕಂಪ್ಯೂಟರ್ ನಿಂತುಹೋಯಿತು, ಅರ್ಜಿ ಕೊಡಲು ಅದೇ ಕೊನೆಯ ದಿನವಾಗಿತ್ತು, ಆ ಮನುಷ್ಯನಿಗೆ ನಾನೇನು ಹೇಳಲಿ ಎಂದಿತ್ತು. ಮೂರನೆಯದರಲ್ಲಿ ಎರಡು ಸಾಲು. ನಾಲ್ಕನೆಯ ಚೀಟಿ ಈ ವಾರ ಬಂದದ್ದು. ಅದರಲ್ಲಿ ಒಂದೇ ಪದ: 'ಅದೇ.'

ಎರಡನೆಯ ಚೀಟಿಯ ಜತೆ ವಾಪಸ್ ಬಂದ ಬೋರ್ಡಿನ ಮೇಲೆ ಹಸಿರು ಸ್ಟಿಕರ್ ಇನ್ನೂ ಇತ್ತು. ಸ್ಟಿಕರಿನಲ್ಲಿ ಏಳು ಎಂದಿತ್ತು.

ಇದನ್ನು ಹೇಳುವಾಗ ಕಾವಕ್ಕ ನಗುವುದಿಲ್ಲ. "ತಿಂಗಳ ಕೊನೆ ಅವತ್ತು. ನಲವತ್ತಲ್ಲ, ಅರವತ್ತೆರಡು ಬೋರ್ಡು ಅಂದರು. ಬೋರ್ಡಿನ ಬೆನ್ನಲ್ಲಿ ಮೂರು ಚುಕ್ಕೆ ಇದ್ದದ್ದು ನೋಡಿದ್ದೆ. ಕೂರಿಸಬೇಕು ಅಂತಲೂ ಅಂದ್ಕೊಂಡೆ. ಚಿತ್ರ ಬಂತು, ಬೀಪ್ ಬಂತು, ಅಂಟಿಸಿಬಿಟ್ಟೆ. ಗೊತ್ತಿಲ್ಲದೆ ಆಗಿದ್ರೆ ಬೇರೆ ಮಾತು. ಆ ಅರ್ಜಿ ಯಾರದೋ ಏನೋ. ಅದು ನನ್ನ ಕೈಯಲ್ಲೇ ಹೋಯ್ತು," ಅನ್ನುತ್ತಾರೆ. ಆ ಬೋರ್ಡಿಗೆ ನಾಲ್ಕನೆಯ ಚುಕ್ಕೆ ಇಟ್ಟು ಕಪಾಟಿನ ತೀರಾ ಕೆಳಗಿನ ಅರೆಗೆ ತಳ್ಳಿದರು. ಈಗ ಆ ಮಾದರಿಯಲ್ಲಿ ಕಪಾಟಿನಲ್ಲಿ ಉಳಿದಿರುವುದು ಅದೊಂದೇ.

ಮನೆಯಲ್ಲಿ ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಮುಂದಿನ ಕೋಣೆಯೇ ಅಂಗಡಿ. ಅತ್ತೆಗೆ ಎಪ್ಪತ್ತೆಂಟು, ಕಿವಿ ಮಂದ, ನಾಲಿಗೆ ಚುರುಕು. ಸೊಸೆ ಕತ್ತಲಲ್ಲೇ ಎದ್ದು ಹೋಗುವುದು ಅವರಿಗೆ ಹಿಡಿಸದು. "ಸಂಬಳ ಕೊಡದ ಹೊತ್ತಲ್ಲಿ ಕೆಲಸ ಮಾಡೋರನ್ನ ನಾನು ಇಬ್ಬರನ್ನೇ ನೋಡಿದ್ದು. ಒಂದು ಸೂರ್ಯ, ಇನ್ನೊಂದು ನಮ್ಮ ಸೊಸೆ. ಅವನಿಗಾದರೂ ಮೋಡ ಬಂದರೆ ರಜೆ." ಗಂಡನ ದೂರು ಬೇರೆ. ಕಾವಕ್ಕನ ಕೆಲಸ ಗುತ್ತಿಗೆಯದು, ತಿಂಗಳು ತಿಂಗಳು ಕಾಗದ ಹೊಸದಾಗುತ್ತದೆ. ಮೇಲ್ವಿಚಾರಕ ಸಹಿ ಹಾಕದಿದ್ದರೆ ಒಂದನೇ ತಾರೀಕು ಗೇಟಿನಲ್ಲೇ ವಾಪಸ್. "ಎಲ್ಲರ ಹತ್ತಿರಾನೂ ನಾಲ್ಕು ಒಳ್ಳೆ ಮಾತಾಡ್ಕೊಂಡಿರು ಅಂತೀನಿ," ಅನ್ನುತ್ತಾರೆ ಗಂಡ. "ಇವಳು ಒಳ್ಳೆ ಮಾತೇ ಆಡೋದು, ಆದರೆ ನಾಲ್ಕರಲ್ಲಿ ಒಂದು ಕೊಕ್ಕೆ."

ಇಂದು ಇಪ್ಪತ್ತೆಂಟನೇ ತಾರೀಕು. ಕಾಗದ ಇನ್ನೂ ಮೇಲ್ವಿಚಾರಕನ ಮೇಜಿನಲ್ಲಿದೆ.

ಟೈಪಿಸ್ಟಮ್ಮನಿಗೆ ಹೋಗಬೇಕಾದ ಬೋರ್ಡಿನ ಪರದೆ ಮೂವತ್ತೆಂಟನೆಯ ನಿಮಿಷದಲ್ಲಿ ಕಪ್ಪಾಗುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಪೆಟ್ಟಿಗೆ ಎತ್ತಿದರೆ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತದೆ. ಕಾವಕ್ಕ ಗಡಿಯಾರ ನೋಡಿ ಚೀಟಿಯಲ್ಲಿ 'ಫೇಲ್' ಎಂದು ಬರೆಯುತ್ತಾರೆ. ಬಳಿಕ ಡ್ರಾಯರಿನ ತಳದಿಂದ ಹಳದಿ ಫಾರಂ ಒಂದನ್ನು ತೆಗೆಯುತ್ತಾರೆ. ಕಪಾಟಿನಲ್ಲಿ ಬದಲಿ ಇಲ್ಲ ಎಂದು ಈ ಫಾರಂ ತುಂಬಿದರೆ, ಕಂಪನಿಯ ನಿಯಮದ ಪ್ರಕಾರವೇ, ಗಿರಾಕಿಗೆ ಸೀಲ್ ಒಡೆಯದ ಹೊಸ ಬೋರ್ಡ್ ಕೊಡಬೇಕು. ಹದಿನಾಲ್ಕು ತಿಂಗಳಿಂದ ಈ ಕೋಣೆಯಲ್ಲಿ ಯಾರೂ ಅದನ್ನು ತುಂಬಿಲ್ಲ. ಹಾಳೆಗಳ ಅಂಚು ಸುರುಳಿ ಸುತ್ತಿದೆ.

ಏಳೂಕಾಲಿಗೆ ಮೇಲ್ವಿಚಾರಕ ಬರುತ್ತಾನೆ. ಮೂವತ್ತರ ಹುಡುಗ, ಕೆಟ್ಟವನಲ್ಲ. ಎರಡು ಫೋನು, ಎರಡರಲ್ಲೂ ಬೈಗುಳ. ಹಳದಿ ಹಾಳೆ ನೋಡಿ ಅಲ್ಲೇ ನಿಲ್ಲುತ್ತಾನೆ.

"ಏನಕ್ಕಾ ಇದು, ಬೆಳಬೆಳಗ್ಗೆ?"

"ಬದಲಿ ಇಲ್ಲ ಸಾರ್. ಇದ್ದದ್ದು ಸತ್ತೋಯ್ತು."

"ಹತ್ತು ನಿಮಿಷ ಓಡ್ತಾ?"

"ಮೂವತ್ತೇಳು ಓಡ್ತು."

"ಮತ್ತಿನ್ನೇನು! ಹತ್ತು ಅಂದರೆ ಹತ್ತು. ನೀವು ಪೆಟ್ಟಿಗೆ ಮುಚ್ಚಿ ಉಸಿರು ಕಟ್ಟಿಸಿದರೆ ನಾನೂ ಸಾಯ್ತೀನಿ."

"ಆ ಟೈಪಿಸ್ಟಮ್ಮನ ಟೇಬಲ್ ಕೆಳಗಿನ ಕಂಪ್ಯೂಟರ್ ಡಬ್ಬಿಯೊಳಗೆ ಇನ್ನೇನು ತಂಗಾಳಿ ಬೀಸುತ್ತಾ ಸಾರ್?"

ಬೇರೆ ಮೇಜುಗಳಲ್ಲಿ ಸ್ಕ್ರೂ ಡ್ರೈವರುಗಳ ಸದ್ದು ನಿಲ್ಲುತ್ತದೆ. ಅವನು ಕುರ್ಚಿ ಎಳೆದು ಪಕ್ಕದಲ್ಲಿ ಕೂರುತ್ತಾನೆ, ದನಿ ತಗ್ಗಿಸುತ್ತಾನೆ. "ನೋಡಿ ಅಕ್ಕಾ, ಹೊಸ ಪೀಸ್ ಕೊಟ್ಟರೆ ಮೇಲಿನವರಿಗೆ ನಾನು ಉತ್ತರ ಹೇಳಬೇಕು. ಇದು ಹತ್ತೊಂಬತ್ತು ದಿನ ಉಸಿರಾಡಿದರೆ ಸಾಕು. ದಿನಾ ಅರ್ಧ ಗಂಟೆ ಓಡಿಸಿದರೆ ಏನೂ ಆಗಲ್ಲ. ಆಮೇಲೆ ವಾರಂಟಿನೂ ಇಲ್ಲ, ದೂರೂ ಇಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಟೈಪಿಂಗೇ ಅವರ ಹೊಟ್ಟೆಪಾಡು. ಅರ್ಧ ಗಂಟೆ ಟೈಪ್ ಮಾಡಿ ಬದುಕೋಕಾಗುತ್ತಾ?"

"ಅವರು ನಿಮಗೇನಾಗಬೇಕು?"

"ಏನೂ ಆಗಬೇಕಿಲ್ಲ."

"ಮತ್ತೆ? ನಿಮ್ಮ ಕಾಗದಕ್ಕೆ ನಾನು ಇವತ್ತು ಸಹಿ ಹಾಕಬೇಕು, ನೆನಪಿದೆಯಲ್ಲ." ಇದನ್ನು ಬೆದರಿಕೆಯಂತೆ ಹೇಳುವುದಿಲ್ಲ, ಹವಾಮಾನ ಹೇಳಿದಂತೆ ಹೇಳುತ್ತಾನೆ. ಹಳದಿ ಫಾರಮನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಹಸಿರು ಸ್ಟಿಕರಿನ ಸುರುಳಿಯನ್ನು ಮೇಜಿನ ಮೇಲೆ, ಬೋರ್ಡಿನ ಪಕ್ಕದಲ್ಲಿ ಇಡುತ್ತಾನೆ. "ಅಂಟಿಸಿ. ಹತ್ತು ಗಂಟೆಗೆ ಆಯಮ್ಮ ಬರ್ತಾರೆ."

ಕಾವಕ್ಕ ಸುರುಳಿಯನ್ನು ಮುಟ್ಟುವುದಿಲ್ಲ. ಡ್ರಾಯರಿನಿಂದ ಇನ್ನೊಂದು ಹಳದಿ ಹಾಳೆ ತೆಗೆದು, ಅಂಚನ್ನು ಅಂಗೈಯಿಂದ ಉಜ್ಜಿ ನೇರ ಮಾಡುತ್ತಾರೆ. ಮಾದರಿ, ತಾರೀಕು, ನಿಮಿಷ ಬರೆಯುತ್ತಾರೆ. ಬೋರ್ಡನ್ನು ಬೋರಲು ತಿರುಗಿಸಿ, ನಾಲ್ಕು ಚುಕ್ಕೆಯ ಬದಿ ಮೇಲ್ವಿಚಾರಕನಿಗೆ ಕಾಣುವಂತೆ ಅವನ ಮುಂದೆ ಸರಿಸುತ್ತಾರೆ.

"ಅಕ್ಕಾ, ಅಂಟಿಸಿ ಅಂದೆ."

"ಇಲ್ಲ ಸಾರ್," ಅನ್ನುತ್ತಾರೆ ಕಾವಕ್ಕ. "ಏಳನೇ ನಂಬರ್ ಇದರ ಮೇಲೆ ಒಂದ್ಸಲ ಕೂತಿತ್ತು. ಇನ್ನೊಂದ್ಸಲ ಕೂರಲ್ಲ."