ಓಡಿಹೋಗದ ಪೇಶಂಟ್

ನಮ್ಮ ಮನೆಯಲ್ಲಿ ನನ್ನ ಯಾವುದಕ್ಕೂ ಅಷ್ಟು ಮರ್ಯಾದೆ ಸಿಕ್ಕಿದ್ದಿಲ್ಲ. ಮಾರ್ಕ್ಸ್ ಕಾರ್ಡಿಗೆ ಸಿಗಲಿಲ್ಲ, ಹಾಡಿಗೆ ಸಿಗಲಿಲ್ಲ, ಭೋಸರಿಯ ಕಾರ್ಖಾನೆ ನೌಕರಿಗಂತೂ ಸಿಗಲೇ ಇಲ್ಲ. ಸಿಕ್ಕಿದ್ದು ಕೆಳದವಡೆಯ ಬಲಗಡೆ, ಕಟ್ಟಕಡೆಯ ಮೂಲೆಯಲ್ಲಿ ಅಡ್ಡಡ್ಡ ಮಲಗಿದ್ದ ಒಂದು ಬುದ್ಧಿಹಲ್ಲಿಗೆ.

ಅದನ್ನು ಕಂಡುಹಿಡಿದವಳು ಅಕ್ಕ. ಎಂಟು ದಿನದಿಂದ ನಾನು ರೊಟ್ಟಿ ಕಡಿಯಲಾಗದೆ ಒದ್ದಾಡುತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ ಅವಳು ಅಡುಗೆಮನೆಯಲ್ಲೇ ನನ್ನ ಗದ್ದ ಹಿಡಿದು, ಮೊಬೈಲಿನ ಟಾರ್ಚ್ ಹಚ್ಚಿ ಬಾಯೊಳಗೆ ಇಣುಕಿದಳು. ಮರುದಿನ ತನ್ನ ಕಾಲೇಜಿಗೆ ಎಳೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದಳು. ಆ ಫಿಲ್ಮನ್ನು ಬೆಳಕಿಗೆ ಹಿಡಿದು ಅವಳು ನೋಡಿದ ರೀತಿ, ಅವ್ವ ಬಂಗಾರದ ಅಂಗಡಿಯಲ್ಲಿ ಬಳೆ ನೋಡುತ್ತಾಳಲ್ಲ, ಹಾಗಿತ್ತು.

"ಇದನ್ನ ಯಾರಿಗೂ ಮುಟ್ಟಗೊಡಬ್ಯಾಡ," ಅಂದಳು. "ನನ್ನ ಪರೀಕ್ಷಾಕ್ಕ ಬೇಕು."

"ಹಲ್ಲ ನಂದು. ನನ್ನನ್ನ ಒಂದ್ ಮಾತ ಕೇಳಂಗಿಲ್ಲೇನು?"

"ನಿನ್ನ ಬಾಯಾಗ ಇಷ್ಟ ವರ್ಷಕ್ಕ ಒಂದ್ ಚಲೋದು ಬಂದದ. ಸುಮ್ನ ಕೊಡು."

ಅಕ್ಕ ಆಗ ಪುಣೆಯ ಒಂದು ಡೆಂಟಲ್ ಕಾಲೇಜಿನಲ್ಲಿ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಎಂ.ಡಿ.ಎಸ್. ಓದುತ್ತಿದ್ದಳು. ಕೊನೆಯ ಪರೀಕ್ಷೆಯಲ್ಲಿ ಪರೀಕ್ಷಕರು ಸುತ್ತ ನಿಂತು ನೋಡುತ್ತಿರುವಾಗ, ಗೊತ್ತುಮಾಡಿದ ಸಮಯದೊಳಗೆ ಒಂದು ಬುದ್ಧಿಹಲ್ಲನ್ನು ಕೊಯ್ದು ತೆಗೆಯಬೇಕು. ಆ ಹಲ್ಲಿರುವ ಮನುಷ್ಯನನ್ನು ಮಾತ್ರ ವಿದ್ಯಾರ್ಥಿಯೇ ಹುಡುಕಿ ತರಬೇಕು. ಪುಸ್ತಕ ಓದುವುದು ದೊಡ್ಡದಲ್ಲ, ಪೇಶಂಟ್ ಹಿಡಿಯುವುದೇ ದೊಡ್ಡದು ಎಂದು ಅವಳ ಗೆಳತಿಯರೆಲ್ಲ ಹೇಳುತ್ತಿದ್ದರು.

ಅದರ ರುಚಿ ಅವಳಿಗೆ ಆರು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಆಗ ಅವಳ ಪೇಶಂಟ್ ಸಾಸವಡದ ಒಬ್ಬ ತರಕಾರಿ ವ್ಯಾಪಾರಿ. ಎರಡು ತಿಂಗಳು ಅವನಿಗೆ ಗುಳಿಗೆ ಕೊಟ್ಟು, ಚಹಾ ಕುಡಿಸಿ, ವಾರಕ್ಕೊಮ್ಮೆ ಫೋನ್ ಮಾಡಿ ಜೋಪಾನ ಮಾಡಿದ್ದಳು. ಪರೀಕ್ಷೆಯ ದಿನವೇ ಪಂಢರಪುರಕ್ಕೆ ಹೊರಟ ಸಂತರ ಪಲ್ಲಕ್ಕಿ ಸಾಸವಡಕ್ಕೆ ಬಂದಿತ್ತು. ಬೆಳಿಗ್ಗೆ ಏಳಕ್ಕೆ ಅವನು ಫೋನ್ ಮಾಡಿ, ಸಂತ ಮಾವುಲಿಯ ಕರೆ ಬಂದಿದೆ, ಬರಲಾಗುವುದಿಲ್ಲ ತಾಯಿ, ಎಂದು ಹೇಳಿ ಹಲ್ಲುಸಮೇತ ಪಂಢರಪುರದ ದಾರಿ ಹಿಡಿದ. ಕಾಲೇಜಿನವರು ಕೊನೆ ಗಳಿಗೆಯಲ್ಲಿ ಇನ್ನೊಬ್ಬ ಪೇಶಂಟನ್ನು ಕೊಟ್ಟರು. ಆ ಹಲ್ಲಿನ ಬೇರು ಕೊಕ್ಕೆಯಂತೆ ಬಾಗಿತ್ತು. ಸಮಯ ಮುಗಿದಾಗ ಅರ್ಧ ಹಲ್ಲು ಇನ್ನೂ ದವಡೆಯಲ್ಲೇ ಇತ್ತು, ಉಳಿದದ್ದನ್ನು ಅವಳ ಸರ್ ತೆಗೆದರು. ಅಕ್ಕ ಫೇಲಾದಳು.

ಒಂದು ವಾರ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆಳಗಾವಿಯ ಒಂದು ಆಸ್ಪತ್ರೆ ಅವಳಿಗೆ ಕೆಲಸ ಕೊಡುತ್ತೇನೆಂದು ಮಾತು ಕೊಟ್ಟಿತ್ತು. ಇನ್ನೊಂದು ಪರೀಕ್ಷೆಯವರೆಗೆ ಕಾಯುತ್ತೇವೆ, ಅದರಾಚೆ ಇಲ್ಲ ಎಂದು ತಿಳಿಸಿದರು. ಹೀಗಾಗಿ ಡಿಸೆಂಬರಿನ ಈ ಪರೀಕ್ಷೆ ಅವಳಿಗೆ ಕೊನೆಯ ಅವಕಾಶ. ಅದಕ್ಕೆ ಬೇಕಾದದ್ದು ಓಡಿಹೋಗದ ಪೇಶಂಟ್. ಅವಳ ಜೊತೆಗೇ ಉಂಡು, ಅವಳ ಪಕ್ಕದ ಹಾಸಿಗೆಯಲ್ಲೇ ಮಲಗುವ ನನಗಿಂತ ಭದ್ರವಾದವಳು ಯಾರಿದ್ದಾರೆ?

ನನಗಂತೂ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಭಯ ಇರಲಿಲ್ಲವೆಂದಲ್ಲ, ಹಿಗ್ಗು ಅದಕ್ಕಿಂತ ದೊಡ್ಡದಾಗಿತ್ತು. ಭೋಸರಿಯ ಕಾರ್ಖಾನೆಯಲ್ಲಿ ನಾನು ಖರೀದಿ ವಿಭಾಗದವಳು. ಬೋಲ್ಟು, ಬೇರಿಂಗು ಕೊಡುವವರ ಜೊತೆ ದಿನವಿಡೀ ಫೋನಿನಲ್ಲಿ ಜಗಳಾಡುವುದೇ ಕೆಲಸ. ಒಂದು ತಿಂಗಳು ಅವರಿಗೆಲ್ಲ ನನ್ನ ಹಲ್ಲಿನ ಕಥೆ ಹೇಳಿದೆ. ರಜೆಯ ಅರ್ಜಿಯಲ್ಲಿ 'ಅಕ್ಕನ ಪರೀಕ್ಷೆ' ಎಂದು ಬರೆದಿದ್ದೆ. ಪರೀಕ್ಷೆ ಅವಳದು, ರಜೆ ನಿನಗ್ಯಾಕೆ ಎಂದು ಸಾಹೇಬರು ಕೇಳಿದರು. ಪ್ರಶ್ನೆಪತ್ರಿಕೆ ನನ್ನ ಬಾಯಲ್ಲಿದೆ ಸರ್, ಅಂದೆ.

ಒಂದೇ ತೊಡಕಿತ್ತು. ರಕ್ತಸಂಬಂಧಿಯನ್ನು ಪರೀಕ್ಷೆಗೆ ಕೂರಿಸಬಾರದೆಂದು ಎಲ್ಲೂ ಬರೆದಿರಲಿಲ್ಲ. ಆದರೆ ಹೊರಗಿನಿಂದ ಬರುವ ಪರೀಕ್ಷಕರಿಗೆ ಅದು ಸೇರುವುದಿಲ್ಲ ಎಂದು ಸೀನಿಯರ್‌ಗಳು ಹೆದರಿಸಿದ್ದರು. ನಮ್ಮ ಅಡ್ಡಹೆಸರು ಪುಣೆಯಲ್ಲಿ ಓಣಿಗೊಂದು ಸಿಗುತ್ತದೆ, ಅದರಿಂದ ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ. ಬಾಯಿ ಮಾತ್ರ ಬಂದ್ ಇಡಬೇಕಿತ್ತು. ಅಕ್ಕ ರಾತ್ರಿ ಊಟಕ್ಕೆ ಕೂತಾಗ ನನಗೆ ಪಾಠ ಹೇಳಿಕೊಟ್ಟಳು.

"ಅಲ್ಲೆ ನನ್ನನ್ನ ಡಾಕ್ಟರ್ ಅನ್ನಬೇಕು. ಕನ್ನಡ ಬ್ಯಾಡ, ಮರಾಠಿ ಮಾತಾಡು. ನೋವಾತಂದ್ರ ಎಡಗೈ ಎತ್ತು. ಉಳದದ್ದಕ್ಕೆಲ್ಲ ಸುಮ್ನಿರು."

"ಆಕಿ ಸುಮ್ನಿರತಾಳ?" ಅಂದಳು ಅವ್ವ, ಅನ್ನ ಬಡಿಸುತ್ತ. "ಅದಕ್ಕಿಂತ ಹಲ್ಲ ತಾನ ಎದ್ದ ಬರೂದು ಸುಲಭ ಅದ."

ಅಪ್ಪ ಮೂಗಿನಲ್ಲೇ ನಕ್ಕರು. ನಾನು ಸಿಟ್ಟಿಗೆದ್ದು ಎರಡು ನಿಮಿಷ ಮಾತು ಬಿಟ್ಟೆ. ಅಷ್ಟಕ್ಕೇ ಅಕ್ಕ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಪರೀಕ್ಷೆಯ ದಿನ ಕಾತ್ರಜದ ನಮ್ಮ ಮನೆಯಿಂದ ಅಕ್ಕ ಮೊದಲೇ ಹೋದಳು. ಜೊತೆಗೆ ಇಳಿದರೆ ಯಾರಾದರೂ ನೋಡಿಯಾರು. ನಾನು ಅರ್ಧ ಗಂಟೆ ಬಿಟ್ಟು ಅವ್ವನ ಜೊತೆ ರಿಕ್ಷಾ ಹತ್ತಿದೆ. ಅವಳು ಡಬ್ಬಿಯಲ್ಲಿ ಗಂಜಿ ಹಿಡಿದುಕೊಂಡಿದ್ದಳು. ಸಿಗ್ನಲ್ ಬಿದ್ದಾಗಲೆಲ್ಲ ನಾನು ಮೊಬೈಲಿನಲ್ಲಿ ವೇಳೆ ನೋಡುತ್ತಿದ್ದೆ. ಪರೀಕ್ಷೆ ನನ್ನದೇ ಎಂಬಷ್ಟು ಸಡಗರ.

ವಿಭಾಗದ ಹೊರಗಿನ ಬೆಂಚಿನ ಮೇಲೆ ನಾಲ್ವರು ಪೇಶಂಟ್‌ಗಳು ಕೂತಿದ್ದೆವು. ನನ್ನನ್ನು ಬಿಟ್ಟು ಉಳಿದ ಮೂವರ ಮುಂದೆಯೂ ಒಬ್ಬೊಬ್ಬ ವಿದ್ಯಾರ್ಥಿ ಕಾವಲು. ಒಬ್ಬನಂತೂ ತನ್ನ ಪೇಶಂಟಿನ ಮೊಬೈಲನ್ನು ತನ್ನ ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದ. ಅಕ್ಕ ದೂರದಲ್ಲಿ ಗೋಡೆಗೆ ಆತು ನಿಂತು, ನಾನು ಯಾರೋ ಎಂಬಂತೆ ಫೈಲು ತಿರುವುತ್ತಿದ್ದಳು. ನನಗೆ ನಗು ತಡೆಯಲಿಕ್ಕಾಗಲಿಲ್ಲ.

ಹೆಸರು ಕರೆದರು. ಕುರ್ಚಿಯ ಮೇಲೆ ಒರಗಿದೆ. ಹೊರಗಿನಿಂದ ಬಂದ ಪರೀಕ್ಷಕರು ಎತ್ತರದ ಮನುಷ್ಯ, ದನಿ ಗಡಸು. ಗೋಡೆಯ ಗಡಿಯಾರ ತೋರಿಸಿ, ಒಂದು ಗಂಟೆಯ ಸಮಯ ಇದೆ, ಶುರುಮಾಡು, ಎಂದರು. ಅಕ್ಕ ದವಡೆಯ ಮೂಲೆಗೆ ಇಂಜೆಕ್ಷನ್ ಕೊಟ್ಟಳು. ತುಸು ಹೊತ್ತಿಗೆ ಅರ್ಧ ತುಟಿ ಉಬ್ಬಿದಂತಾಗಿ, ಅರ್ಧ ನಾಲಿಗೆ ನನ್ನದಲ್ಲ ಎನಿಸಿತು. ಆಮೇಲೆ ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದರು. ಬಾಯಿ ಒಂದೇ ಹೊರಗೆ. ನನಗೆ ಕಾಣಿಸುತ್ತಿದ್ದದ್ದು ಬಟ್ಟೆಯ ಹಸಿರು ಮಾತ್ರ.

ಇದೆಲ್ಲ ಇಷ್ಟು ಮಜವಾಗಿರುತ್ತದೆಂದು ಯಾರೂ ಹೇಳಿರಲಿಲ್ಲ. ವಸಡು ಕೊಯ್ದದ್ದು ಗೊತ್ತೇ ಆಗಲಿಲ್ಲ. ಡ್ರಿಲ್ಲಿನ ಗುಂಯ್‌ಗುಟ್ಟುವಿಕೆ, ಚಿಮ್ಮುವ ನೀರು, ಅದನ್ನು ಸೊರಸೊರ ಹೀರುವ ನಳಿಗೆ, ಪಕ್ಕದಲ್ಲಿ ಅಕ್ಕ ಒಂದೊಂದೇ ಹತಾರ ಕೇಳುವ ದನಿ. ಮನೆಯಲ್ಲಿ ಟಿ.ವಿ. ರಿಮೋಟಿಗೆ ಜಗಳಾಡುವವಳ ದನಿ ಅದಲ್ಲ. ನಾನು ತೆರೆದ ಬಾಯಿಂದಲೇ ಎಲ್ಲದಕ್ಕೂ "ಹೂಂ", "ಆಂ" ಎಂದು ಉತ್ತರ ಕೊಡುತ್ತಿದ್ದೆ. ಯಾರೂ ನನ್ನನ್ನು ಕೇಳಿರಲಿಲ್ಲ. "ಮಾತನಾಡಬೇಡಿ," ಎಂದು ಅಕ್ಕ ಎರಡು ಸಲ ಮರಾಠಿಯಲ್ಲಿ, ಬಹುವಚನದಲ್ಲಿ ಗದರಿದಳು. ಆ ಬಹುವಚನ ಕೇಳಿ ನನಗೆ ಇನ್ನಷ್ಟು ಖುಷಿಯಾಯಿತು.

ಹಲ್ಲು ಪಕ್ಕದ ಹಲ್ಲಿಗೆ ತಲೆ ಕೊಟ್ಟು ಮಲಗಿತ್ತು. ಅದನ್ನು ಎರಡು ಹೋಳು ಮಾಡದೆ ಹೊರಗೆ ಬರುವಂತಿರಲಿಲ್ಲ. ಡ್ರಿಲ್ ಹಲ್ಲಿನ ನಡುವಿಗೆ ಇಳಿಯಿತು. ಇಳಿಯುತ್ತ ಇಳಿಯುತ್ತ ಒಮ್ಮೆಲೇ ಕಿವಿಯ ಹಿಂದಿನಿಂದ ನೆತ್ತಿಯವರೆಗೆ ಬೆಂಕಿ ಎಳೆದಂತಾಯಿತು.

ಎಡಗೈ ಎತ್ತಬೇಕಿತ್ತು. ಆದರೆ ನನ್ನ ತಲೆಯಲ್ಲಿ ಓಡಿದ್ದು ಗಡಿಯಾರ. ಈಗ ನಿಲ್ಲಿಸಿ ಮತ್ತೆ ಇಂಜೆಕ್ಷನ್ ಕೊಟ್ಟು, ಅದು ಹಿಡಿಯುವವರೆಗೆ ಕಾದರೆ ಸಮಯ ಸಾಲುತ್ತದೆಯೇ? ಹೋದ ಸಲದ ಹಾಗೆ ಅರ್ಧ ಹಲ್ಲು ಉಳಿದರೆ? ಅಕ್ಕ ಇನ್ನೊಂದು ಸಲ ಗೋಡೆಗೆ ಮುಖ ಮಾಡಿ ಮಲಗುವುದನ್ನು ನಾನು ನೋಡಲಾರೆ. ಎಡಗೈಯನ್ನು ತೊಡೆಯ ಕೆಳಗೆ ತುರುಕಿ, ಅದರ ಮೇಲೆ ಗಟ್ಟಿಯಾಗಿ ಕೂತೆ. ಉಸಿರು ಬಿಗಿಹಿಡಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಟ್ಟೆಯ ಕೆಳಗೆ ಯಾರಿಗೆ ಕಾಣಬೇಕು? ಎಂಥ ತಂಗಿ ನಾನು ಎಂದು ನನಗೇ ಹೆಮ್ಮೆಯಾಯಿತು.

ಡ್ರಿಲ್ ನಿಂತಿತು.

"ಸರ್, ಅರಿವಳಿಕೆ ಸಾಲುತ್ತಿಲ್ಲ. ಇನ್ನೊಂದು ಇಂಜೆಕ್ಷನ್ ಕೊಡಬೇಕು," ಎಂದು ಅಕ್ಕ ಮರಾಠಿಯಲ್ಲಿ ಹೇಳಿದಳು.

"ಪೇಶಂಟ್ ಕೈ ಎತ್ತಲಿಲ್ಲವಲ್ಲ," ಎಂದಿತು ಗಡಸು ದನಿ. ಆಮೇಲೆ ನನ್ನ ಕಡೆ ಬಾಗಿ, "ದುಖತಂಯ ಕಾ?" ನೋಯುತ್ತಿದೆಯೇ ಎಂದು ಕೇಳಿತು.

ನಾನು ಬಲಗೈಯ ಹೆಬ್ಬೆರಳು ಎತ್ತಿ ತೋರಿಸಿದೆ. ಎಲ್ಲ ಆರಾಮ.

"ನೋಡು, ಆಕೆಗೆ ಏನೂ ಇಲ್ಲ. ನಿನ್ನ ಹತ್ತಿರ ಇಪ್ಪತ್ತೇ ನಿಮಿಷ ಉಳಿದಿದೆ. ಮುಂದುವರಿಸು."

"ಇಲ್ಲ ಸರ್. ಸುಳ್ಳು ಹೇಳ್ತಿದ್ದಾಳೆ."

"ನಿನಗೆ ಹೇಗೆ ಗೊತ್ತು?"

ನಳಿಗೆಯೂ ನಿಂತುಹೋಗಿತ್ತು. ಹೇಳಬೇಡ ಅಕ್ಕಾ ಎಂದು ಕೂಗಬೇಕೆನಿಸಿತು, ನಾಲಿಗೆ ಹೊರಳಲಿಲ್ಲ.

"ಇವಳು ನನ್ನ ತಂಗಿ ಸರ್," ಎಂದಳು ಅಕ್ಕ. "ಆಗಿನಿಂದ ಒದರುತ್ತಿದ್ದವಳು ಒಮ್ಮೆಲೇ ಸುಮ್ಮನಾಗಿದ್ದಾಳೆ. ಹಾಗೆ ಇರುವವಳಲ್ಲ."

ನನ್ನ ಜೀವವೆಲ್ಲ ಕಿವಿಗೆ ಬಂದು ಕೂತಿತ್ತು. ಕೊನೆಗೆ ಪರೀಕ್ಷಕರು, "ಕೊಡು," ಎಂದಷ್ಟೇ ಹೇಳಿದರು. ಗಡಿಯಾರ ನಿಲ್ಲಿಸುತ್ತೇನೆಂದು ಹೇಳಲಿಲ್ಲ.

ಎರಡನೆಯ ಇಂಜೆಕ್ಷನ್ ಹಿಡಿಯುವವರೆಗೆ ಅಕ್ಕ ಕೈಕಟ್ಟಿ ನಿಂತಳು. ಕಾದಷ್ಟೂ ಸಮಯ ಅವಳದೇ ಹೋಗುತ್ತಿತ್ತು, ಅವಸರ ಮಾಡಲಿಲ್ಲ. ತುಟಿ ಚುಚ್ಚಿ ನೋಡಿದಳು, ವಸಡು ಚುಚ್ಚಿ ನೋಡಿದಳು, ಇನ್ನೂ ಒಂದು ನಿಮಿಷ ಕಾದಳು. ಆಮೇಲೆ ಡ್ರಿಲ್ ಮತ್ತೆ ಇಳಿಯಿತು. ಈ ಸಲ ನೋವಿನ ಸುಳಿವೂ ಇರಲಿಲ್ಲ. ದವಡೆಯೊಳಗೆ ಕಟ್ ಎಂದು ಹಲ್ಲು ಹೋಳಾದ ಸದ್ದು ನನ್ನ ತಲೆಬುರುಡೆಗೆಲ್ಲ ಕೇಳಿಸಿತು. ಒಂದು ಹೋಳು ಟ್ರೇಯಲ್ಲಿ ಟಣ್ ಎಂದು ಬಿತ್ತು, ಹಿಂದೆಯೇ ಇನ್ನೊಂದು. ನಾನು ತಡೆಯಲಾರದೆ "ಹೂಂ" ಎಂದೆ. ಯಾರೋ ನಕ್ಕರು. ಕೊನೆಯ ಹೊಲಿಗೆಯ ಗಂಟು ಬಿದ್ದು ಬಟ್ಟೆ ತೆಗೆದಾಗ ಗಡಿಯಾರ ನೋಡಿದೆ. ಸಮಯ ಮುಗಿದು ಮೂರು ನಿಮಿಷ ಆಗಿತ್ತು. ಪರೀಕ್ಷಕರು ಆಗಲೇ ಬರೆದುಕೊಳ್ಳುತ್ತ ಮುಂದಿನ ಕುರ್ಚಿಯ ಕಡೆ ಹೊರಟಿದ್ದರು.

ಹೊರಗಿನ ಬೆಂಚಿನ ಮೇಲೆ ಅವ್ವನ ಪಕ್ಕ ಕೂತೆ. ಬಾಯಲ್ಲಿ ಹತ್ತಿ, ಕೆನ್ನೆಯ ಮೇಲೆ ಐಸು. ಮೌಖಿಕ ಪರೀಕ್ಷೆಯೂ ಮುಗಿದ ಮೇಲೆ ಅಕ್ಕ ಬಂದಳು. ನನಗೆ ಮಾತು ಬರುವಂತಿರಲಿಲ್ಲ. ಮೊಬೈಲಿನಲ್ಲಿ ಬರೆದು ಅವಳ ಮುಖಕ್ಕೆ ಹಿಡಿದೆ: 'ನಾನು ತಡಕೊಂಡಿದ್ದೆ. ಯಾಕೆ ನಿಲ್ಲಿಸಿದೆ? ಮೂರು ನಿಮಿಷ ಮೇಲಾಯಿತು.'

ಅಕ್ಕ ಓದಿದಳು. ಅವಳ ಮುಖ ಕೆಂಪಾಯಿತು.

"ಭಾಳ ದೊಡ್ಡ ಉಪಕಾರ ಮಾಡಾಕ ಹೋಗಿದ್ದಿ ನೀ," ಅಂದಳು. "ನಿನ್ನ ನೋಯಿಸಿ ಪಾಸಾಗಿ, ನಾಳೆ ಮಂದೀ ಬಾಯಾಗ ಹೆಂಗ ಕೈ ಹಾಕ್ಲಿ? ನೋವಾದ್ರ ಹೇಳು ಅಂತ ಯಾವ ಬಾಯಿಲೆ ಹೇಳ್ಲಿ?"

ಅವ್ವನಿಗೆ ಏನಾಯಿತೆಂದು ತಿಳಿಯದು. "ಯಾಕ ಬೈತೀಯೇ ಅದಕ್ಕ? ಮೊದಲ ಮಾರಿ ಬಾತದ," ಅಂದಳು. ಅಕ್ಕ ನನ್ನ ಕೈಯಿಂದ ಐಸು ಕಿತ್ತುಕೊಂಡು ತಾನೇ ಹಿಡಿದಳು. ನನಗೆ ಅಳು ಬಂತು. ಅದುವರೆಗೆ ಎಂಥ ತ್ಯಾಗ ಮಾಡಿದೆನೆಂದು ಉಬ್ಬಿದ್ದವಳಿಗೆ, ಅವಳ ಕೆಲಸವನ್ನೇ ನಾನು ಕೆಡಿಸಹೊರಟಿದ್ದೆನೆಂದು ಆಗ ಅರಿವಾಯಿತು.

ಏಳನೆಯ ದಿನ ಹೊಲಿಗೆ ಬಿಚ್ಚಿಸಿಕೊಳ್ಳಲು ಮತ್ತೆ ಹೋದೆ. ಅವತ್ತೇ ಫಲಿತಾಂಶ ಬರುವುದಿತ್ತು. ನಾನು ಬಾಯಿ ತೆರೆದು ಒರಗಿದ್ದೆ, ಅಕ್ಕ ಕತ್ತರಿ ಹಿಡಿದು ಬಾಗಿದ್ದಳು. ಮೊದಲನೆಯ ಹೊಲಿಗೆ ಬಿಚ್ಚುವಾಗಲೇ ಅವಳ ಕೋಟಿನ ಜೇಬಿನಲ್ಲಿ ಫೋನು ಗುರ್ ಎಂದಿತು. ನಾನು ಕಣ್ಣಿನಲ್ಲೇ ಜೇಬು ತೋರಿಸಿದೆ. ಅವಳು ನೋಡಲಿಲ್ಲ. ಎರಡನೆಯ ಹೊಲಿಗೆಗೆ ಮತ್ತೆ ಗುರ್. ಗೆಳತಿಯರೆಲ್ಲ ಒಟ್ಟಿಗೆ ಫೋನ್ ಮಾಡುತ್ತಿದ್ದಾರೆಂದರೆ ಪಟ್ಟಿ ಬಂದಿದೆ ಎಂದೇ ಅರ್ಥ. ಕುರ್ಚಿಯ ಮೇಲೆ ನನ್ನ ಕಾಲು ತಾವಾಗಿಯೇ ಕುಣಿಯತೊಡಗಿದವು.

"ಹೊಳ್ಳಾಡಬ್ಯಾಡ. ಇನ್ನೂ ಮೂರವ," ಅಂದಳು.

ಮೂರನ್ನೂ ಬಿಚ್ಚಿದಳು. ಗಾಯವನ್ನು ನೀರಿನಿಂದ ತೊಳೆದಳು, ಟಾರ್ಚ್ ಹಿಡಿದು ನೋಡಿದಳು, ಬಾಯಿ ಮುಕ್ಕಳಿಸಲು ಹೇಳಿದಳು. ನಾನು ಮುಕ್ಕಳಿಸಿ ಮುಗಿಸುವವರೆಗೂ ನಿಂತಿದ್ದಳು. ಆಮೇಲೆ ಒಂದು ಕೈಗವಸು ತೆಗೆದು ಫೋನು ಹೊರಗೆಳೆದಳು.

ಓದಿದಳು. "ಪಾಸು," ಅಂದಳು ಮೆಲ್ಲಗೆ, ಬೇರೆ ಯಾರದೋ ಸುದ್ದಿ ಹೇಳುವಂತೆ. ತಂಗಿ ಎಂದದ್ದಾಗಲಿ, ಆ ಮೂರು ನಿಮಿಷವಾಗಲಿ ಅಡ್ಡ ಬಂದಿರಲಿಲ್ಲ.

ಹಾಗೆ ಹೇಳಿದ ಮೇಲೆ ಅವಳ ಕೈಯಿಂದ ಫೋನು ಜಾರಿ ನನ್ನ ಮಡಿಲಿಗೆ ಬಿತ್ತು. ಇನ್ನೊಂದು ಕೈಗವಸನ್ನು ಬಿಚ್ಚಲು ಹೋದಳು, ಬೆರಳು ಹಿಡಿತಕ್ಕೆ ಸಿಗಲಿಲ್ಲ. ನಾನು ಕುರ್ಚಿಯಿಂದ ಎದ್ದು, ಅವಳನ್ನು ಅದರಲ್ಲೇ ಕೂರಿಸಿ, ಆ ಕೈಗವಸನ್ನು ಒಂದೊಂದೇ ಬೆರಳಿನಿಂದ ಎಳೆದು ತೆಗೆದೆ. ಒಳಗೆ ಅವಳ ಕೈ ಬೆವರಿನಿಂದ ತೊಯ್ದುಹೋಗಿತ್ತು.